ಕೊನೆಯ ಗೂಟ

ಸತ್ತ ಎಮ್ಮೆಯನ್ನು ಕೊಟ್ಟಿಗೆಯ ಒಳಗೆ ಎಳೆದು ತರಬೇಕು ಎಂದು ಧಣಿ ಹೇಳಿದಾಗ ಕೊಟ್ಟಿಗೆಯಮ್ಮನಿಗೆ ಆ ಮಾತು ತಲೆಗೆ ಹತ್ತಲಿಲ್ಲ. ಸತ್ತದ್ದನ್ನು ಹೊರಕ್ಕೆ ಎಳೆಯುವುದು ಲೋಕದ ರೂಢಿ. ಒಳಕ್ಕೆ ಎಳೆಯುವುದನ್ನು ಅವಳು ಈವರೆಗೆ ಕಂಡಿರಲಿಲ್ಲ.

“ಒಳಕ್ಕಾ, ಧಣಿ?”

“ಒಳಕ್ಕೇ. ದೊಡ್ಡ ಸಾಲಿನಲ್ಲಿ ಬಾಗಿಲ ಹತ್ತಿರದ ಗೂಟ ಖಾಲಿ ಇದೆಯಲ್ಲ, ಅಲ್ಲಿಗೆ.”

ಎಮ್ಮೆ ಅವಳದ್ದು. ಕೊಟ್ಟಿಗೆ ಧಣಿಯದ್ದು. ಬದುಕಿದ್ದಷ್ಟು ದಿನ ಆ ಎಮ್ಮೆ ಆ ಕೊಟ್ಟಿಗೆಯ ಹೊಸ್ತಿಲು ದಾಟಿರಲಿಲ್ಲ. ತಿಪ್ಪೆಗುಂಡಿಯ ಆಚೆ, ತಗಡಿನ ಚಪ್ಪರದ ಕೆಳಗೆ, ಹಿತ್ತಲಿನ ಕೊನೆಯ ಗೂಟ ಅದರದ್ದು. ಧಣಿಯ ಎಮ್ಮೆಗಳು ನೀರು ಕುಡಿಯುವ ಕಲ್ಲುಬಾನಿಗೆ ಅದು ಬಾಯಿ ಹಾಕುವ ಹಾಗಿರಲಿಲ್ಲ. ಅದಕ್ಕೊಂದು ಒಡಕು ಬಕೆಟ್ಟು. ಎಲ್ಲವೂ ಕುಡಿದ ಮೇಲೆ, ಎಲ್ಲದರ ಮೈ ತೊಳೆದ ಮೇಲೆ, ಎಲ್ಲದರ ಸಗಣಿ ಬಾಚಿದ ಮೇಲೆ ಅದರ ಸರದಿ.

ಕೊಟ್ಟಿಗೆಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಹಿಡಿದು ಕೂಗುವವರು ಈಗ ಯಾರೂ ಉಳಿದಿರಲಿಲ್ಲ. ಮದುವೆಯಾಗಿ ಬಂದ ಮರುದಿನವೇ ಧಣಿಯ ಕೊಟ್ಟಿಗೆಗೆ ಕಾಲಿಟ್ಟವಳು, ಅಂದಿನಿಂದ ಅದೇ ಹೆಸರು. ಗಂಡ ಹಾಲಿನ ಕ್ಯಾನು ಹೊತ್ತು ಸೊಂಟ ಮುರಿದುಕೊಂಡವನು, ಕೋಲಿಲ್ಲದೆ ಏಳಲಾರ. ಇಬ್ಬರೂ ಇರುವ ಒಂಟಿ ಕೋಣೆ ಧಣಿಯ ಹಿತ್ತಲ ಗೋಡೆಗೆ ಅಂಟಿಕೊಂಡಿತ್ತು. ಅದೂ ಧಣಿಯದ್ದೇ. ಗೋಡೆಯ ಆಚೆ ಎಮ್ಮೆಗಳು ಮೆಲುಕು ಹಾಕಿದರೆ ಈಚೆ ಇವರ ನಿದ್ದೆಗೆ ಕೇಳಿಸುತ್ತಿತ್ತು.

ಹೊಳೆ ಏರಿ ಬಂದು, ಇಳಿದು ಹೋಗಿತ್ತು. ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ ಉಳಿದಿತ್ತು. ಎಮ್ಮೆ ಊದಿಕೊಂಡಿತ್ತು. ನಾಲ್ಕು ಕಾಲೂ ದೊಣ್ಣೆಯಂತೆ ಸೆಟೆದಿದ್ದವು. ಕುತ್ತಿಗೆಯ ಹಗ್ಗ ಮಾಂಸದೊಳಗೆ ಹೂತುಹೋಗಿ ಕಾಣದಾಗಿತ್ತು.

ಎಳೆದರು. ಅವಳು, ಅವಳ ನಾದಿನಿ, ಕೂಲಿಯ ನಾಲ್ವರು ಗಂಡಸರು. ಕೆಸರು ಜಾರುತ್ತಿದ್ದುದರಿಂದ ಆಯಿತು. ಎಳೆದಾಗೊಮ್ಮೆ ಅದರ ಹೊಟ್ಟೆಯೊಳಗೆ ನೀರು ತುಳುಕುವ ಸದ್ದು ಬರುತ್ತಿತ್ತು. ಮೂಗಿನಿಂದ ಕಪ್ಪು ನೊರೆ ಇಳಿಯುತ್ತಿತ್ತು. ಗಂಡಸರು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಕೊಟ್ಟಿಗೆಯಮ್ಮ ಕಟ್ಟಿಕೊಂಡಿರಲಿಲ್ಲ. ತನ್ನದೇ ಎಮ್ಮೆಯ ಮುಂದೆ ಮೂಗು ಮುಚ್ಚಿಕೊಳ್ಳಲು ಅವಳಿಗೆ ನಾಚಿಕೆಯಾಯಿತು.

ನಾದಿನಿಯ ನಾಲಿಗೆ ಸತ್ತವರ ಮನೆಯಲ್ಲೂ ಸುಮ್ಮನಿರುವಂಥದ್ದಲ್ಲ. “ನೋಡಿ ಅತ್ತಿಗೆ, ನಿಮ್ಮ ಪುಣ್ಯಾತ್ಗಿತ್ತಿಗೆ ಸತ್ತ ಮೇಲೆ ಬಡ್ತಿ ಸಿಕ್ತು. ತಿಪ್ಪೆ ಪಕ್ಕದಿಂದ ಸೀದಾ ದೊಡ್ಡ ಸಾಲಿಗೆ!”

ಗಂಡಸರು ಬಟ್ಟೆಯೊಳಗೇ ನಕ್ಕರು. ಕೊಟ್ಟಿಗೆಯಮ್ಮ ಹಗ್ಗವನ್ನು ಭುಜಕ್ಕೆ ಬದಲಿಸಿಕೊಂಡಳು.

ಪುಣ್ಯಾತ್ಗಿತ್ತಿ ಎಂಬುದು ಗಂಡ ಇಟ್ಟ ಹೆಸರು. ಹುಟ್ಟಿದಂದೇ ತಾಯಿಯನ್ನು ಕಳೆದುಕೊಂಡ ಕರು ಅದು. ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಎಲ್ಲಿಗಾದರೂ ಎಸೆದು ಬಾ ಎಂದಿದ್ದರು ಧಣಿ. ಅವಳು ಸೆರಗಿನಲ್ಲಿ ಸುತ್ತಿಕೊಂಡು ಕೋಣೆಗೆ ತಂದಿದ್ದಳು. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಬಾಯಿಗಿಟ್ಟಿದ್ದಳು. “ತಾಯಿಯನ್ನ ನುಂಗಿಕೊಂಡು, ನಮ್ಮ ಗಂಜಿಯನ್ನೂ ನುಂಗ್ತಿದ್ದಾಳೆ, ಪುಣ್ಯಾತ್ಗಿತ್ತಿ,” ಎಂದು ಗಂಡ ನಕ್ಕಿದ್ದ. ಆ ನಗು ಅವನ ಸೊಂಟ ಮುರಿದ ಮೇಲೆ ಅವಳು ಕೇಳಿದ ಮೊದಲ ನಗು. ಕರು ಬದುಕಿತು. ಬೆಳೆಯಿತು. ಗಬ್ಬವಾಯಿತು. ಕರು ಹಾಕಿದರೆ ಹಾಲು ಬರುತ್ತದೆ, ಆ ಹಾಲು ಧಣಿಯ ಕ್ಯಾನಿಗೆ ಹೋಗುವುದಿಲ್ಲ ಎಂಬುದನ್ನು ಗಂಡ ಹೆಂಡತಿ ಬಾಯಿಬಿಟ್ಟು ಆಡಿರಲಿಲ್ಲ. ಆಡಿದರೆ ದೃಷ್ಟಿ ತಾಗೀತು ಎಂಬ ಹಾಗೆ ಬಚ್ಚಿಟ್ಟುಕೊಂಡಿದ್ದರು.

ಈಗ ಅದನ್ನು ಬಾಗಿಲ ಹತ್ತಿರದ ಗೂಟಕ್ಕೆ ತಂದು ಹಾಕಿದರು.

“ಕಟ್ಟು,” ಎಂದರು ಧಣಿ.

ಸತ್ತ ಎಮ್ಮೆಯನ್ನು ಅವಳು ಗೂಟಕ್ಕೆ ಕಟ್ಟಿದಳು.

ವಿಷಯ ಇಷ್ಟು. ಹೊಳೆಯಲ್ಲಿ ಸತ್ತ ದನಕರುಗಳಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಹೆಣ ಇರಬೇಕು. ಹೆಣದ ಕಿವಿಯಲ್ಲಿ ಹಳದಿ ಓಲೆ ಇರಬೇಕು, ಓಲೆಯ ಸಂಖ್ಯೆ ದನದಾಸ್ಪತ್ರೆಯಲ್ಲಿ ಸಾಕಿದವರ ಹೆಸರಿಗೆ ದಾಖಲಾಗಿರಬೇಕು. ಧಣಿಯ ನಾಲ್ಕು ಎಮ್ಮೆಗಳನ್ನು ಹೊಳೆ ಒಯ್ದಿತ್ತು. ಅವುಗಳ ಓಲೆ ದಾಖಲೆಯಲ್ಲಿತ್ತು, ಹೆಣ ಇರಲಿಲ್ಲ. ಕೊಟ್ಟಿಗೆಯಮ್ಮನ ಎಮ್ಮೆಯ ಹೆಣ ಇತ್ತು, ಓಲೆ ಇರಲಿಲ್ಲ. ಕಟ್ಟಿದಲ್ಲೇ ಸತ್ತದ್ದು ಒಂದಾದರೂ ಕೊಟ್ಟಿಗೆಯಲ್ಲಿ ಕಂಡರೆ, ಕೊಚ್ಚಿಹೋದವನ್ನೂ ಒಪ್ಪಿಕೊಳ್ಳುತ್ತಾರಂತೆ. ಏನೂ ಕಾಣದಿದ್ದರೆ ಮಾರಿಕೊಂಡು ನಾಟಕ ಆಡುತ್ತಿದ್ದಾರೆ ಎನ್ನುತ್ತಾರಂತೆ. ಈ ದಾರಿ ತೋರಿಸಿದವನು ದನದಾಸ್ಪತ್ರೆಯ ಕಂಪೌಂಡರ್.

“ಹೆಣ ತೋರಿಸಿ, ಹಣ ಎಣಿಸಿ,” ಎಂದಿದ್ದ ಅವನು, ಧಣಿಯ ಜಗಲಿಯಲ್ಲಿ ಕಾಲು ಚಾಚಿ.

ಊರಿಗೆ ಮರಳಿದ ದಿನ ಧಣಿ ಅವಳನ್ನು ಅಂಗಳದ ನಡುವೆ ನಿಲ್ಲಿಸಿ ಕೇಳಿದ್ದರು. “ಬಿಚ್ಚು ಅಂತ ಯಾರೇ ಹೇಳಿದ್ದು ನಿನಗೆ?”

“ನೀರು ಬಂತು, ಧಣಿ.”

“ನೀರು ಬಂದು ಹೇಳ್ತಾ? ಕಟ್ಟಿದ್ದಲ್ಲೇ ಬಿಟ್ಟಿದ್ರೆ ಹೆಣವಾದ್ರೂ ಕೈಗೆ ಸಿಗ್ತಿತ್ತು. ಬಿಚ್ಚಿಬಿಟ್ಟು ಪುಣ್ಯ ಕಟ್ಟಿಕೊಂಡಳಂತೆ!”

ಉಳಿದ ಎಮ್ಮೆಗಳು ಈಜಿ ದಿಬ್ಬ ಹತ್ತಿ ಬದುಕಿದ್ದವು. ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಅವಳೂ ಆಡಲಿಲ್ಲ. ತಲೆ ತಗ್ಗಿಸಿ ನಿಂತಳು. ತಗ್ಗಿಸಿದ್ದು ಧಣಿಯ ಮಾತಿಗಲ್ಲ. ಅವಳ ನಾಚಿಕೆ ಬೇರೆಯದಿತ್ತು.

ಆ ನಾಚಿಕೆ ಹೀಗೆ.

ಹೊಳೆ ಬಂದದ್ದು ಮಧ್ಯಾಹ್ನ. ಧಣಿ ಊರಲ್ಲಿರಲಿಲ್ಲ. ಧಣಿಯಮ್ಮ ಮಹಡಿ ಹತ್ತಿದ್ದರು. ನೀರು ಸದ್ದಿಲ್ಲದೆ ಬಂತು, ಬಚ್ಚಲ ತೂತಿನಿಂದ, ಬಾಗಿಲ ಸಂದಿಯಿಂದ. ಕೊಟ್ಟಿಗೆಯಮ್ಮ ಗಂಡನನ್ನು ತಬ್ಬಿ ಎತ್ತಿ ಏಣಿ ಹತ್ತಿಸಿ ಮಾಡಿನ ಮೇಲೆ ಕೂರಿಸಿದಳು. ಇಳಿದು ಓಡಿದಳು.

ಅವಳ ಬಾಗಿಲಿಂದ ಹೊರಟರೆ ಮೊದಲು ಸಿಗುವುದು ಹಿತ್ತಲಿನ ಕೊನೆಯ ಗೂಟ. ಮೊದಲು ಸಿಗುವುದು ಅವಳ ಎಮ್ಮೆ. ಅದು ಅವಳನ್ನು ಕಂಡು ಕತ್ತು ಚಾಚಿತು. ಅದರ ಬೆನ್ನಿಗೆ ಕೈ ತಾಗಿಸಿಕೊಂಡೇ ಅವಳು ದಾಟಿ ಹೋದಳು. ದಾಟಿ, ತಿಪ್ಪೆಗುಂಡಿ ಸುತ್ತಿ, ಅಂಗಳ ಹಾದು, ಕೊಟ್ಟಿಗೆಯ ಬಾಗಿಲ ಹತ್ತಿರದ ಗೂಟಕ್ಕೆ ಬಗ್ಗಿದಳು.

ಯಾರೂ ಹೇಳಿರಲಿಲ್ಲ. ಕೂಗಿ ಅಪ್ಪಣೆ ಕೊಡುವವರು ಯಾರೂ ಅಲ್ಲಿರಲಿಲ್ಲ. ಕೈಗೆ ಆ ದಾರಿ ಗೊತ್ತಿತ್ತು. ದಿನಕ್ಕೆರಡು ಸಲ, ಮದುವೆಯಾದಂದಿನಿಂದ, ಶುರುವಾಗುವುದು ಬಾಗಿಲ ಹತ್ತಿರದ ಗೂಟದಿಂದ. ಒಂದಾದ ಮೇಲೆ ಒಂದು. ದೊಡ್ಡ ಸಾಲು ಮುಗಿದ ಮೇಲೆ ಚಿಕ್ಕ ಸಾಲು. ಚಿಕ್ಕ ಸಾಲು ಮುಗಿದ ಮೇಲೆ ಕರುಗಳು. ತನ್ನದು ಕೊನೆಗೆ.

ಗಂಟುಗಳು ನೀರೊಳಗಿದ್ದವು. ಒದ್ದೆ ಹಗ್ಗ ಬಿಗಿದಿತ್ತು. ಮುಳುಗಿ ಮುಳುಗಿ ಬಿಚ್ಚಿದಳು. ಉಗುರು ಕಿತ್ತು ಬಂತು. ಹಲ್ಲಿನಿಂದ ಕಚ್ಚಿ ಎಳೆದಳು. ಬಿಚ್ಚಿದ್ದರ ಬೆನ್ನಿಗೆ ಬಡಿದು ಹೋಗು, ಹೋಗು ಎಂದಳು. ಮಾಡಿನ ಮೇಲಿಂದ ಗಂಡ ಕೂಗಿದ.

“ನಮ್ಮದು! ಏ ಇವಳೇ, ನಮ್ಮದು! ನಮ್ಮದನ್ನ ಬಿಚ್ಚೇ!”

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಬಾಯಿ “ಬಂದೆ” ಎಂದಿತು. ಕೈ ಮುಂದಿನ ಗೂಟಕ್ಕೆ ಹೋಯಿತು.

ಅವನು ಮತ್ತೆ ಕೂಗಿದ. ಮತ್ತೆ ಕೂಗಿದ. ಆಮೇಲೆ ಕೂಗಲಿಲ್ಲ.

ಎಮ್ಮೆಗೆ ಈಜು ಹುಟ್ಟುಗುಣ. ಬಿಚ್ಚಿದ್ದರೆ ಗಬ್ಬದ ಎಮ್ಮೆಯಾದರೂ ದಿಬ್ಬ ಹತ್ತುತ್ತಿತ್ತು. ಹಗ್ಗ ಗಿಡ್ಡ ಇತ್ತು. ಮೂಗು ಮೇಲೆತ್ತಲು ಬೇಕಾದಷ್ಟೂ ಉದ್ದ ಇರಲಿಲ್ಲ. ಧಣಿಯ ಹುಲ್ಲಿನ ಮೆದೆಗೆ ಬಾಯಿ ಹಾಕದಿರಲಿ ಎಂದು ಅವಳೇ ಗಿಡ್ಡ ಮಾಡಿ ಕಟ್ಟಿದ್ದಳು.

ನೀರು ಇಳಿದ ಮೇಲೆ ಗಂಡ ಒಂದೇ ಮಾತು ಕೇಳಿದ. “ನಾನು ಕೂಗಿದ್ದು ಕೇಳಿಸ್ಲಿಲ್ವಾ?”

“ಇಲ್ಲ. ನೀರಿನ ಸದ್ದು,” ಎಂದಳು.

ನೀರು ಸದ್ದು ಮಾಡಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಮನಸ್ಸಿನಲ್ಲೇ ಅನ್ನುತ್ತಿದ್ದಳು: ದೇವರೇ, ನೀನು ಕೊಟ್ಟದ್ದು ಎರಡು ಕೈ. ಒಂದನ್ನಾದರೂ ನನಗೆ ಬಿಡಬಾರದಾಗಿತ್ತೆ? ದುಡಿಯುವಾಗ ಅವರದ್ದು, ಸರಿ. ಸಾಯುವ ಹೊತ್ತಿನಲ್ಲೂ ಅವರದ್ದೇ ಆಯಿತಲ್ಲ.

ಈ ಎಮ್ಮೆಯ ಮೇಲೆ ಧಣಿ ಕಣ್ಣಿಟ್ಟದ್ದು ಆಮೇಲೆ. ಧಣಿ ಗದರಿಸಲಿಲ್ಲ. ತಾವೇ ಅವಳ ಬಾಗಿಲಿಗೆ ಬಂದರು. ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ, ಬಾಗಿಲಿಗೆ ಕೈ ಕೊಟ್ಟು ನಿಂತರು.

“ನೋಡು, ನನ್ನ ಕೊಟ್ಟಿಗೆಯಲ್ಲೇ ಹುಟ್ಟಿದ ಕರು ಅದು. ನಿನಗೆ ಸಾಕೋಕೆ ಕೊಟ್ಟೆ. ಕೊಟ್ಟೆನೋ ಇಲ್ವೋ?”

“ಕೊಟ್ರಿ, ಧಣಿ.”

“ನಾನು ಪುಕ್ಕಟೆ ಕೇಳ್ತಿಲ್ಲ. ಒಂದು ಕಡಸು ಕೊಡ್ತೀನಿ. ನೀನೇ ಆರಿಸಿಕೋ. ಅಧಿಕಾರಿ ಬಂದಾಗ ಒಂದೇ ಮಾತು: ಇದು ಧಣಿಯವರದು. ಅಷ್ಟೆ. ಸುಳ್ಳೂ ಅಲ್ಲ.”

ಅವರು ಹೋದ ಮೇಲೆ ನಾದಿನಿ ಬಂದಳು. ಓಣಿಯ ತಗ್ಗಿನಲ್ಲಿದ್ದ ಅವಳ ಮನೆಯ ಮೂರು ಮೇಕೆಗಳೂ ನೀರಲ್ಲಿ ಹೋಗಿದ್ದವು. ಅವುಗಳನ್ನು ನೋಡಲು ಯಾರೂ ಬಂದಿರಲಿಲ್ಲ. “ಒಪ್ಪಿಕೊಳ್ಳಿ ಅತ್ತಿಗೆ. ಸತ್ತೆಮ್ಮೆಗೆ ಹಾಲು ಹೆಚ್ಚು ಅಂತ ಅಳ್ತಾ ಕೂತ್ರೆ ಚೊಂಬು ತುಂಬುತ್ತಾ? ಕಡಸು ಬರುತ್ತೆ, ತಗೊಳ್ಳಿ. ಮಾನವನ್ನ ಕರೆದ್ರೆ ಒಂದು ಹನಿ ಹಾಲೂ ಬರಲ್ಲ.”

“ನೀವೇನಂತೀರಿ?” ಎಂದು ಅವಳು ಗಂಡನನ್ನು ಕೇಳಿದಳು.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. “ನಿನ್ನ ಎಮ್ಮೆ. ನಿನ್ನಿಷ್ಟ.”

ನಮ್ಮ ಎಮ್ಮೆ ಅನ್ನಲಿಲ್ಲ. ನಿನ್ನ ಎಮ್ಮೆ ಅಂದ. ಆ ಒಂದು ಮಾತು ಅವಳ ಬೆನ್ನ ಮೇಲೆ ಬರೆ ಎಳೆದ ಹಾಗಾಯಿತು. ಅವಳು ಎದ್ದು ಹೋಗಿ ಧಣಿಗೆ ಆಗಲಿ ಎಂದು ಹೇಳಿ ಬಂದಳು. ಆ ಹೆಣ ಕಣ್ಣ ಮುಂದಿನಿಂದ ಹೋದರೆ ಸಾಕಾಗಿತ್ತು. ಅದು ತನ್ನದಲ್ಲ ಎಂದಾದರೆ, ಬಿಚ್ಚದ ಹಗ್ಗವೂ ತನ್ನದಲ್ಲ. ಅಂಥದ್ದೂ ಒಂದು ಆಸೆ ಇತ್ತು ಅವಳಿಗೆ.

ಹೀಗೆ ಎಮ್ಮೆ ಒಳಗೆ ಬಂತು.

ಕಂಪೌಂಡರ್ ಚೀಲದಿಂದ ಇಕ್ಕಳ ತೆಗೆದ. ಇಕ್ಕಳದ ಬಾಯಿಗೆ ಹಳದಿ ಓಲೆ ಸಿಕ್ಕಿಸಿದ. ಧಣಿಯ ಒಂದು ಎಮ್ಮೆಯ ಓಲೆ ಹಿಂದೆಂದೋ ಬೇಲಿಗೆ ಸಿಕ್ಕಿ ಹರಿದು ಬಿದ್ದಿತ್ತಂತೆ. ಅದಕ್ಕೆಂದು ಬಂದ ಬದಲಿ ಓಲೆ ಇದು. ಆ ಎಮ್ಮೆ ಈಗ ಹೊಳೆಯ ಪಾಲು.

ಓಲೆ ಹಾಕಿದ ದಿನ ಕೊಟ್ಟಿಗೆಯಮ್ಮನಿಗೆ ನೆನಪಿತ್ತು. ಇದೇ ಕಂಪೌಂಡರ್, ಇದೇ ಇಕ್ಕಳ. ಧಣಿಯ ಒಂದೊಂದು ಎಮ್ಮೆಯ ತಲೆಯನ್ನೂ ಅವಳೇ ಅಪ್ಪಿ ಹಿಡಿದಿದ್ದಳು. ಒದೆ ತಿಂದಿದ್ದಳು. ಎಲ್ಲ ಮುಗಿದ ಮೇಲೆ ಅವನು ತಿಪ್ಪೆಯ ಕಡೆ ನೋಡಿ, “ಅದೊಂದು ಯಾವುದು?” ಎಂದಿದ್ದ. “ಅದು ಲೆಕ್ಕಕ್ಕಿಲ್ಲ,” ಎಂದಿದ್ದರು ಯಾರೋ. ನನ್ನದು, ಅದಕ್ಕೂ ಹಾಕಿ ಎಂದು ಕೇಳಲು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವನು ಕೈ ತೊಳೆಯಲು ನೀರು ಕೇಳಿದ. ಅವಳು ನೀರು ತರಲು ಹೋಗಿದ್ದಳು.

“ತಲೆ ಹಿಡಿ,” ಎಂದ ಕಂಪೌಂಡರ್ ಈಗ.

ಅವಳು ಕೂತು ಸತ್ತ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕಣ್ಣು ತೆರೆದೇ ಇತ್ತು. ಕಣ್ಣ ತುಂಬ ಮರಳು.

“ಒದೆಯಲ್ಲ, ಹಾಯಲ್ಲ. ಇಷ್ಟು ಒಳ್ಳೆ ನಡತೆಯ ಎಮ್ಮೆಗೆ ನಾನು ಓಲೆ ಹಾಕೇ ಇಲ್ಲ ನೋಡಿ,” ಎಂದು ಅವನು ಇಕ್ಕಳ ಒತ್ತಿದ. ಕಚಕ್ ಎಂದಿತು. ರಕ್ತ ಬರಲಿಲ್ಲ. ಕಿವಿ ಅಲುಗಲಿಲ್ಲ.

“ಯಾಕೆ ಬಿಚ್ಚಲಿಲ್ಲ ಅಂತ ಕೇಳಿದ್ರೆ, ಗಂಟು ಬಿಗಿದಿತ್ತು ಅನ್ನು,” ಎಂದು ಅವನು ಓಲೆಗೆ ಒಂದಿಷ್ಟು ಕೆಸರು ಮೆತ್ತಿದ. “ಆದ್ರೆ ಕೇಳಲ್ಲ. ಅದನ್ನೆಲ್ಲ ಯಾರು ಕೇಳ್ತಾರೆ?”

ಅಧಿಕಾರಿ ಬಂದದ್ದು ಬಿಸಿಲೇರಿದ ಮೇಲೆ. ಹೆಂಗಸು. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಫೋನು. ಬೆಳಗಿನಿಂದ ಹೆಣಗಳನ್ನೇ ನೋಡಿ ಬಂದ ಮುಖ. ಧಣಿ ಕುರ್ಚಿ ಹಾಕಿಸಿದರು, ಕೂರಲಿಲ್ಲ. ಮಜ್ಜಿಗೆ ತರಿಸಿದರು, ಕುಡಿಯಲಿಲ್ಲ. ಸೀದಾ ಕೊಟ್ಟಿಗೆಗೆ ಬಂದು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಓಲೆಯ ಫೋಟೋ ತೆಗೆದುಕೊಂಡರು.

“ನೋಡಿಕೊಳ್ಳೋರು ಯಾರು?”

“ಇವಳೇ ಮೇಡಂ,” ಎಂದರು ಧಣಿ. “ನಂಬಿಕಸ್ಥೆ. ನಮ್ಮ ಮನೆ ಮಗಳ ಥರ.”

“ಬನ್ನಮ್ಮ. ಇಲ್ಲಿ ನಿಲ್ಲಿ, ಫೋಟೋದಲ್ಲಿ ನೀವೂ ಬರಬೇಕು. ಇದು ಯಾರದ್ದು?”

“ಧಣಿಯವರದು,” ಎಂದಳು ಕೊಟ್ಟಿಗೆಯಮ್ಮ.

ಬಾಯಿ ಹೇಳಿತು. ಕೈಗಳ ಹಾಗೆಯೇ ಬಾಯಿಗೂ ದಾರಿ ಗೊತ್ತಿತ್ತು. ಧಣಿ ಉಸಿರು ಬಿಟ್ಟರು. ಕಂಪೌಂಡರ್ ಚೀಲದ ಬಾಯಿ ಕಟ್ಟತೊಡಗಿದ. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಅಧಿಕಾರಿ ಸಾಲಿನ ಉದ್ದಕ್ಕೂ ಕಣ್ಣಾಡಿಸಿದರು. ಬದುಕಿದವು ದಿಬ್ಬದಲ್ಲಿ ಮೇಯುತ್ತಿದ್ದವು; ಎಲ್ಲ ಗೂಟಗಳಲ್ಲೂ ಬಿಚ್ಚಿದ ಹಗ್ಗ. ಒಂದರಲ್ಲಿ ಮಾತ್ರ ಎಮ್ಮೆ.

“ಎಲ್ಲವನ್ನೂ ನೀವೇ ಬಿಚ್ಚಿದ್ರಾ?”

“ಹೂಂ, ಮೇಡಂ.”

“ಒಬ್ಬರೇ? ನೀರಿನಲ್ಲಿ ಮುಳುಗಿ?” ಅವರ ದನಿ ಮೆತ್ತಗಾಯಿತು. “ಮತ್ತೆ ಇದೊಂದನ್ನ ಯಾಕೆ ಬಿಚ್ಚಲಿಲ್ಲ, ಅಮ್ಮಾ?”

ಯಾರೂ ಕೇಳಿರಲಿಲ್ಲ ಈ ಮಾತನ್ನು. ಧಣಿ ಕೇಳಿದ್ದು ಯಾಕೆ ಬಿಚ್ಚಿದೆ ಎಂದು. ಗಂಡ ಕೇಳಿದ್ದು ಕೂಗಿದ್ದು ಕೇಳಿಸಲಿಲ್ಲವೇ ಎಂದು. ಇಲ್ಲಿ ಒಬ್ಬ ಅಪರಿಚಿತೆ, ಯಾವ ಸಿಟ್ಟೂ ಇಲ್ಲದೆ, ಅಮ್ಮಾ ಎಂದು ಕರೆದು, ಗಾಯದ ಮೇಲೆಯೇ ಬೆರಳಿಟ್ಟಿದ್ದಳು.

ಗಂಟು ಬಿಗಿದಿತ್ತು ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಎಮ್ಮೆಯನ್ನು ನೋಡಿದಳು. ಬಾಯಿ ತುಂಬ ಕೆಸರು ಕಚ್ಚಿಕೊಂಡು, ಯಾರದೋ ಗೂಟಕ್ಕೆ ಕಟ್ಟಿಸಿಕೊಂಡು, ಯಾರದೋ ಓಲೆ ಹಾಕಿಸಿಕೊಂಡು ಬಿದ್ದಿತ್ತು. ಗಂಟು ಬಿಗಿದಿರಲಿಲ್ಲ. ಅಂದು ಆ ಗಂಟನ್ನು ಅವಳು ಮುಟ್ಟಿಯೇ ಇರಲಿಲ್ಲ.

“ಇದು ನನ್ನದು, ಮೇಡಂ,” ಎಂದಳು. “ಅದಕ್ಕೇ ಬಿಚ್ಚಲಿಲ್ಲ.”

“ಅಂದ್ರೆ?”

“ಏ!” ಎಂದರು ಧಣಿ.

“ನನ್ನದು. ಹಿತ್ತಲಲ್ಲಿ, ತಿಪ್ಪೆ ಆಚೆ ಕಟ್ಟಿದ್ದೆ. ಬರ್ತಾ ಮೊದಲು ಸಿಕ್ಕಿದ್ದೇ ಇದು. ದಾಟಿಕೊಂಡು ಬಂದು ಇವರದ್ದನ್ನ ಬಿಚ್ಚಿದೆ. ನನ್ನ ಗಂಡ ಮಾಡಿನ ಮೇಲಿಂದ ಕೂಗಿದ್ರು, ನಮ್ಮದನ್ನ ಬಿಚ್ಚು ಅಂತ. ನನಗೆ ಕೇಳಿಸ್ತು.” ಅವಳ ದನಿ ಏರಲಿಲ್ಲ. “ಕೇಳಿಸ್ತು, ಮೇಡಂ. ಆದ್ರೂ ಹೋಗ್ಲಿಲ್ಲ. ಇವರದ್ದು ಮುಗೀಲಿ ಅಂದುಕೊಂಡೆ. ದಿನಾ ಹಾಗೇ ಮಾಡೋದಲ್ವಾ? ಸಾವು ಬಂದ ದಿನಾನೂ ಹಾಗೇ ಮಾಡ್ದೆ. ಇವತ್ತು ಬೆಳಿಗ್ಗೆ ಇದನ್ನ ಒಳಗೆ ಎಳೆದು ತಂದ್ವಿ. ಈ ಓಲೆ ಹಾಕುವಾಗ ತಲೆ ಹಿಡಿದುಕೊಂಡವಳೂ ನಾನೇ.”

ಧಣಿ ಕಂಪೌಂಡರ್ ಕಡೆ ತಿರುಗಿದರು.

“ತಲೆ ಕೆಟ್ಟಿದೆ ಮೇಡಂ ಇವಳಿಗೆ, ನೀರು ಕುಡಿದಿದ್ದಾಳೆ,” ಎಂದ ಕಂಪೌಂಡರ್.

ಅಧಿಕಾರಿ ಬಗ್ಗಿ ಕಿವಿ ಹಿಡಿದು ತಿರುಗಿಸಿ ನೋಡಿದರು. ಫೋನಿನಲ್ಲಿ ಏನೋ ಅಳಿಸಿದರು. ಧಣಿಯ ಮುಖ ನೋಡಿ, “ನಿಮ್ಮ ಕೊಟ್ಟಿಗೆಯ ವಿಷಯ ಮೇಲಿನವರಿಗೆ ಬರೀತೀನಿ,” ಎಂದರು. ಆಮೇಲೆ ಅವಳ ಕಡೆ ತಿರುಗಿದರು. ಆ ಮುಖದಲ್ಲೂ ಒಂದು ಬಗೆಯ ನಾಚಿಕೆ ಇತ್ತು. “ಅಮ್ಮಾ, ನಿಮ್ಮ ಹೆಸರಿನ ಓಲೆ ಇಲ್ಲ. ದಾಖಲೆ ಇಲ್ಲದ ಎಮ್ಮೆಗೆ ಏನೂ ಬರೋದಿಲ್ಲ.”

“ಯಾಕೆ ಬರಲ್ಲ?”

ಅವಳು ಹಾಗೆ ಕೇಳುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ.

“ಅದೇ ನೀರು, ಮೇಡಂ. ಅದೇ ನೀರಲ್ಲೇ ಸತ್ತದ್ದು. ಓಲೆ ಹಾಕೋಕೆ ಈ ಅಂಗಳದ ತನಕ ಬಂದವರು ನಮ್ಮ ಓಣಿಗೆ ಬರಲಿಲ್ಲ. ಹೆಣ ನೋಡೋಕೆ ನೀವೂ ಈ ಅಂಗಳಕ್ಕೇ ಬಂದಿರಿ. ನನ್ನ ನಾದಿನಿಯ ಮೇಕೆಗಳು ಅಲ್ಲೇ ಕೊಳೀತಾ ಬಿದ್ದಿವೆ. ನಡೀರಿ, ನೋಡಿ. ಕೊಡದಿದ್ರೆ ಬಿಡಿ. ಸತ್ತಿವೆ ಅಂತಾದ್ರೂ ಬರಕೊಳ್ಳಿ.”

ಅಧಿಕಾರಿ ಓಣಿಯ ಕಡೆ ನೋಡಿದರು. ಕಂಪೌಂಡರ್, “ಅಲ್ಲಿ ಮೊಣಕಾಲುದ್ದ ಕೆಸರು, ಮೇಡಂ,” ಎಂದ. ಅಧಿಕಾರಿ ತಮ್ಮ ಬೂಟು ನೋಡಿಕೊಂಡರು. ಆ ಕಡೆಯೇ ನಡೆದರು. ಅವರು ಅಲ್ಲಿ ಏನು ಬರೆದುಕೊಂಡರೋ, ಬರೆದದ್ದು ಎಲ್ಲಿಗೆ ಹೋಯಿತೋ, ಓಣಿಯವರಿಗೆ ತಿಳಿಯಲಿಲ್ಲ. ಮೇಕೆಗಳ ಫೋಟೋ ತೆಗೆದರು ಎಂದಷ್ಟೇ ನಾದಿನಿ ಹೇಳಿದಳು. “ಬದುಕಿದ್ದಾಗ ನಮ್ಮ ಫೋಟೋನೇ ಯಾರೂ ತೆಗೀಲಿಲ್ಲ,” ಎಂದಳು.

ಅಧಿಕಾರಿ ಅತ್ತ ಹೋದದ್ದೇ ಧಣಿ ಇತ್ತ ತಿರುಗಿದರು. ಹೊಡೆಯಲಿಲ್ಲ. ಬೈಯಲೂ ಇಲ್ಲ ಅನ್ನಬೇಕು. ಎಮ್ಮೆಯ ಕಿವಿಯಿಂದ ಓಲೆಯನ್ನು ಕತ್ತರಿಸಿ ತೆಗೆಸಿದರು.

“ಉಂಡ ಮನೆಗೆ ಎರಡು ಬಗೆದೆ. ಇದನ್ನ ನನ್ನ ಕೊಟ್ಟಿಗೆಯಿಂದ ಆಚೆ ಹಾಕು. ಕೋಣೆ ಖಾಲಿ ಮಾಡು.”

“ಆಗಲಿ, ಧಣಿ.”

ಮತ್ತೆ ಎಳೆದರು. ಕೂಲಿಯವರನ್ನು ಧಣಿ ಕಳಿಸಲಿಲ್ಲ. ಓಣಿಯವರು ಬಂದರು. ಹಗ್ಗಕ್ಕೆ ಮೊದಲು ಹೆಗಲು ಕೊಟ್ಟವಳು ನಾದಿನಿ. “ಕಡಸೂ ಹೋಯ್ತು, ಕೋಣೆಯೂ ಹೋಯ್ತು. ನಿಮ್ಮಂಥ ಬುದ್ಧಿವಂತೆ ಈ ಲೋಕದಲ್ಲಿ ಇನ್ನೊಬ್ಬಳಿಲ್ಲ ಅತ್ತಿಗೆ,” ಎಂದಳು. ಅನ್ನುತ್ತಲೇ ಕಣ್ಣು ಒರೆಸಿಕೊಂಡಳು. ಓಣಿಯ ಹಿಂದಿನ ಬಯಲಿನಲ್ಲಿ ಗುಂಡಿ ತೋಡಿದರು. ಒದ್ದೆ ಮಣ್ಣು, ಒಂದು ಬುಟ್ಟಿ ಎರಡು ಬುಟ್ಟಿಯ ಭಾರ. ಅಂಗೈ ಸುಲಿಯಿತು. ಎಮ್ಮೆಯನ್ನು ಗುಂಡಿಗೆ ಉರುಳಿಸುವ ಮೊದಲು ಕೊಟ್ಟಿಗೆಯಮ್ಮ ಕುತ್ತಿಗೆಯ ಮಾಂಸದೊಳಗೆ ಬೆರಳು ಹಾಕಿ ಹಗ್ಗವನ್ನು ಹುಡುಕಿದಳು. ಗಂಟು ಸಿಕ್ಕಿತು. ಬಿಚ್ಚಿದಳು. ಸಲೀಸಾಗಿ ಬಿಚ್ಚಿಕೊಂಡಿತು.

ಗಂಡ ಕೋಲೂರಿಕೊಂಡು ಅಷ್ಟು ದೂರ ಬಂದಿದ್ದ. ಮಣ್ಣಿನ ರಾಶಿಯ ಮೇಲೆ ಕೂತಿದ್ದ. ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ಕೇಳಿದ.

“ಕೇಳಿಸ್ತು ಅಂದ್ಯಂತೆ.”

“ಹೂಂ.”

ಅವಳು ಅವನ ಮುಖ ನೋಡಲಿಲ್ಲ. ಬೈಯಲಿ ಎಂದು ಕಾದಳು. ಬೈದರೆ ಹಗುರಾಗುತ್ತಿತ್ತು.

“ನಾನು ಬಿದ್ದ ದಿನ,” ಎಂದ ಅವನು, “ಸೊಂಟ ಲಟಕ್ ಅಂದದ್ದು ನನಗೇ ಕೇಳಿಸ್ತು. ಆದ್ರೂ ಮೊದಲು ಕ್ಯಾನನ್ನ ನೆಟ್ಟಗೆ ನಿಲ್ಲಿಸ್ದೆ. ಹಾಲು ಚೆಲ್ಲಬಾರದು ಅಂತ. ಅದು ನಿಂತ ಮೇಲೇ ನಾನು ಕೂಗಿಕೊಂಡದ್ದು.” ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದ. “ನಿನಗೂ ಹೇಳಿರಲಿಲ್ಲ. ಹೇಗೆ ಹೇಳೋದು?”

ಅವಳು ಅವನ ಪಕ್ಕ ಕೂತಳು. ಇಬ್ಬರೂ ಅಳಲಿಲ್ಲ. ಇಬ್ಬರೂ ತಲೆ ತಗ್ಗಿಸಿ, ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತರು, ಒಬ್ಬರ ನಾಚಿಕೆಗೆ ಒಬ್ಬರು ಜೊತೆಯಾಗಿ.

ಸಂಜೆ ಹಾಲು ಕರೆಯುವ ಹೊತ್ತಾಯಿತು. ಬದುಕುಳಿದ ಎಮ್ಮೆಗಳು ಕೊಟ್ಟಿಗೆಯಲ್ಲಿ ಕೂಗತೊಡಗಿದವು. ಮೊದಲು ಒಂದು, ಆಮೇಲೆ ಎಲ್ಲವೂ. ಅವಳ ಕೈ ತಾಗದೆ ಹಾಲು ಇಳಿಸದ ಎಮ್ಮೆಗಳು. ಕೋಣೆಯಲ್ಲಿ ಪಾತ್ರೆ ಗಂಟು ಕಟ್ಟುತ್ತಿದ್ದ ಕೊಟ್ಟಿಗೆಯಮ್ಮನ ಮೈಯೆಲ್ಲ ಕಿವಿಯಾಯಿತು. ಕೆಚ್ಚಲು ಬಿಗಿದರೆ ಎಷ್ಟು ನೋವು ಎಂದು ಅವಳಿಗೆ ಗೊತ್ತು. ಅವುಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಧಣಿಯಮ್ಮ ಹಿತ್ತಲ ಬಾಗಿಲಿಗೆ ಬಂದರು. ಸೆರಗು ಕೆಸರಿಗೆ ತಾಗದಂತೆ ಎತ್ತಿ ಹಿಡಿದಿದ್ದರು.

“ಬಾರೇ. ಅವರು ಸಿಟ್ಟಲ್ಲಿ ಏನೋ ಅಂದ್ರು. ಮೂರು ಜನ ಹೋಗಿ ಬಂದ್ರು, ಒಂದೂ ಮುಟ್ಟಿಸಿಕೊಳ್ತಿಲ್ಲ. ಕೇಳು ಹೇಗೆ ಕೂಗ್ತಿವೆ. ನಿನಗೆ ಕರುಳಿಲ್ವೇ?”

ಅವಳು ಎದ್ದು ನಿಂತಳು. ಗಂಡ ನೋಡಿದ. ನಾದಿನಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಅವಳು ಬಾಗಿಲವರೆಗೆ ಹೋದಳು, ಹೊಸ್ತಿಲ ಮೇಲೆ ನಿಂತಳು.

“ನಾನು ಬರಲ್ಲ, ಅಮ್ಮಾವ್ರೇ. ಕರುಗಳನ್ನ ಬಿಡಿ. ಕುಡಿಯಲಿ. ಹೊಟ್ಟೆ ತುಂಬ ಕುಡಿದ್ರೆ ಅವೂ ಸುಮ್ಮನಾಗ್ತವೆ, ಇವೂ ಸುಮ್ಮನಾಗ್ತವೆ.”

“ಕರು ಕಟ್ಟಿರೋ ಗಂಟು ನನಗೆ ಬಿಚ್ಚೋಕೆ ಬರಲ್ಲ ಕಣೇ!”

“ಕಲಿತುಕೊಳ್ಳಿ. ನೀರು ಮತ್ತೆ ಬರುತ್ತೆ.”

ಧಣಿಯಮ್ಮ ತಿರುಗಿ ಹೋದರು. ಸೆರಗು ಕೆಸರಿಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ.

ಗಂಡ ಕೋಲೂರಿಕೊಂಡು, ನಾದಿನಿ ಗಂಟು ಹೊತ್ತು ಓಣಿಯ ಕಡೆ ಹೊರಟರು. ಬಂದೆ, ನಡೀರಿ ಎಂದಳು ಅವಳು. ಗೋಡೆಯ ಹೊರಗೆ, ಯಾರಿಗೂ ಕಾಣದ ಕಡೆ, ಒರಗಿ ನಿಂತಳು. ಒಳಗೆ ಒಂದು ಕೂಗು ನಿಂತಿತು. ಕರುವೊಂದು ಚಪ್ಪರಿಸುವ ಸದ್ದು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು ಕೂಗು ನಿಂತಿತು. ಕೊನೆಯ ಎಮ್ಮೆ ಸುಮ್ಮನಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.